ಶಾಸನಸಭೆಗೊಬ್ಬ ಆಳು

“ಇವಳಿಗೆ ಕಪ್ಪು ಬಣ್ಣ ಬೇಡ ಬಿಡಪ್ಪ, ದೇವ್ರೇ ಬಳ್ದು ಕಳ್ಸಿದ್ದಾನೆ!”

ಯಮುನಾ ಮಿಸ್ಸು ಹಾಗೆಂದದ್ದೇ ತಡ, ಮೇಕಪ್ಪಿನವನಿಂದ ಹಿಡಿದು ಹತ್ತಿಯ ಬಿಳಿಗೂದಲ ಟೋಪನ್ ತೊಟ್ಟಿದ್ದ ಮಕ್ಕಳವರೆಗೆ ಎಲ್ಲರೂ ಗೊಳ್ಳೆಂದರು. ನೆಲ ಒರೆಸುತ್ತಿದ್ದ ಆಯಾ ಮಂಜುಳಮ್ಮನ ಕೈ ನಿಂತಿತು. ಗೋಣಿಬಟ್ಟೆಯ ಲಂಗದಲ್ಲಿ ತಲೆ ತಗ್ಗಿಸಿ ನಿಂತಿದ್ದವಳು ಅವಳ ಮಗಳು ಮೋನಿಷಾ.

ಇಂದಿರಾನಗರದಾಚೆಯ ಆ ಶಾಲೆಯ ವಾರ್ಷಿಕೋತ್ಸವಕ್ಕೆ ಈ ಸಲ ಅಮೆರಿಕದ ನಾಟಕ. ಇನ್ನೂರು ಚಿಲ್ಲರೆ ವರ್ಷದ ಹಿಂದಿನ ವರ್ಜೀನಿಯಾ ರಾಜ್ಯದ ಶಾಸನಸಭೆ. ಗುಲಾಮರನ್ನು ಬಿಡುಗಡೆ ಮಾಡಿರೆಂಬ ಅರ್ಜಿಯನ್ನು ಅದು ತಳ್ಳಿಹಾಕಿದ ಕಥೆ. ಶಾಲೆಯ ಒಡೆಯ ಮುನಿವೆಂಕಟಪ್ಪನಿಗೆ ಇಂಗ್ಲಿಷ್ ಹತ್ತದು, ಹಾಗಾಗಿ ಕನ್ನಡದಲ್ಲಿ. ಮೊದಲು ಮೋನಿಷಾಗೆ ಸಭೆಯ ಸದಸ್ಯನ ಪಾತ್ರವೇ ಸಿಕ್ಕಿತ್ತು. ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಪಾತ್ರೆ ಬೆಳಗುವಾಗಲೂ ಅವಳ ಬಾಯಲ್ಲಿ ಅದೇ ಭಾಷಣ. ಸಭಾಪತಿಯಾಗಿದ್ದವನು ಒಡೆಯನ ಮೊಮ್ಮಗ ಜಗನ್. ತಾಲೀಮು ನೋಡಲು ಬಂದ ಮುನಿವೆಂಕಟಪ್ಪ ಕೆರಳಿಬಿಟ್ಟಿದ್ದ.

“ಥೂ! ನಮ್ಮೂರ ತೋಟಿ ಪಿಳ್ಳಪ್ಪನ ಮೊಮ್ಮಗಳಿಗೆ ನಮ್ ಹುಡ್ಗ ‘ಮಾನ್ಯರೇ’ ಅನ್ಬೇಕಾ? ಆ ಕಾಲ್ದಲ್ಲಿ ಆಳುಗಳು ಇರ್ಲಿಲ್ವೇನಮ್ಮಾ ಯಮುನಾ?”

ಮಾರನೆಯ ದಿನ ಮೋನಿಷಾ ಆಳಾದಳು.

ಈಗ ಮಂಜುಳಮ್ಮ ನೆಲದ ಬಟ್ಟೆ ಹಿಂಡಿಟ್ಟು ಎದ್ದಳು. “ಮಿಸ್ಸೇ, ಒಂದ್ ಮಾತಾದ್ರೂ ಕೊಡಿ ಮಗೀಗೆ. ಪೂರಾ ಬಾಯಿಪಾಠ ಮಾಡವ್ಳೆ.”

“ನಾನೇನ್ ಮಾಡ್ಲಿ ಮಂಜುಳಾ? ಆಗ ಜಮೀನಿದ್ದೋರಿಗೆ ಮಾತ್ರ ಸೀಟು. ಹಿಸ್ಟರಿ ಇರೋದೇ ಹಂಗೆ.”

“ಊರ ತೋಟಿ ಚಾಕರಿಗೆ ಅಂತ ನಮ್ಮಾವಂಗೆ ಕೊಟ್ಟಿದ್ದ ಇನಾಮ್ ಜಮೀನಲ್ವಾ ಈ ಸ್ಕೂಲಿರೋ ಜಾಗ? ಒಡೇರು ಹೆಂಡ ಕುಡ್ಸಿ ಹೆಬ್ಬೆಟ್ಟು ಒತ್ತಿಸ್ಕೊಂಡ್ರಲ್ಲ, ಅದೂ ಹಿಸ್ಟರೀನೇ.”

ಮಿಸ್ಸಿನ ಮುಖ ಬಿಗಿಯಿತು. “ಬಾಯ್ ಮುಚ್ಚು. ಮಗಳದು ಫ್ರೀ ಸೀಟು, ನಿಂದು ಕಾಂಟ್ರಾಕ್ಟ್ ಕೆಲ್ಸ. ನೆನಪಿರ್ಲಿ.”

ಪರದೆ ಸರಿಯಿತು. ಮುಂದಿನ ಸೋಫಾದಲ್ಲಿ ಮುನಿವೆಂಕಟಪ್ಪ. ಹಿಂದಿನ ಗೋಡೆಗೊರಗಿ ಮಂಜುಳಮ್ಮ, ಇನ್ನೊಬ್ಬ ಆಯಾ ಬೈರಮ್ಮ, ವ್ಯಾನ್ ಡ್ರೈವರ್ ನಜೀರ್.

“ಮನುಷ್ಯರೆಲ್ಲ ಹುಟ್ಟಿನಿಂದಲೇ ಸ್ವತಂತ್ರರು!” ಎಂದು ಸದಸ್ಯನೊಬ್ಬ ಗುಡುಗಿ, ಮೋನಿಷಾಳ ತಟ್ಟೆಯಿಂದ ನೀರಿನ ಲೋಟ ಎತ್ತಿಕೊಂಡ. ಚಪ್ಪಾಳೆ. ಕುಡಿದು ಉಳಿದದ್ದನ್ನು ಅವಳ ಮುಖಕ್ಕೆ ಎರಚಿದ. ಅದು ನಾಟಕದಲ್ಲಿರಲಿಲ್ಲ.

“ಹಾಕ್ ಮಗಾ!” ಮುನಿವೆಂಕಟಪ್ಪ ತೊಡೆ ತಟ್ಟಿ ನಕ್ಕ. ಅವನ ಹಿಂದೆ ಇಡೀ ಸಭಾಂಗಣ ನಕ್ಕಿತು. ಮೋನಿಷಾ ಮುಖ ಒರೆಸಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ತಟ್ಟೆಯಿತ್ತು.

“ಬೋಳಿಮಗ,” ಬೈರಮ್ಮ ಹಲ್ಲು ಕಡಿದಳು.

ಜಗನ್ ಸುತ್ತಿಗೆ ಕುಟ್ಟಿದ. “ಗುಲಾಮರ ಬಿಡುಗಡೆಯ ಪರ ಇರುವವರು ಕೈ ಎತ್ತಿ.”

ಯಾರೂ ಎತ್ತಬಾರದು. ನಾಟಕ ಅಲ್ಲಿಗೆ ಮುಗಿಯಬೇಕು.

ಗೋಡೆಯ ಬಳಿ ಮಂಜುಳಮ್ಮನ ಕೈ ಎದ್ದಿತು.

“ಏ, ಕೆಲ್ಸ ಹೋಯ್ತದೆ ಕಣೇ!” ಬೈರಮ್ಮ ಸೆರಗು ಜಗ್ಗಿದಳು.

“ಹೋಗ್ಲಿ, ಅದರ ಮನೆ ಹಾಳಾಗ.”

ಬೈರಮ್ಮ ಸೆರಗು ಬಿಟ್ಟಳು. ಬಿಟ್ಟ ಕೈಯನ್ನು ತಾನೂ ಮೇಲೆತ್ತಿದಳು. ನಜೀರನ ಕೈ ಕಿವಿಯವರೆಗೆ ಬಂದು ತಲೆ ಕೆರೆದುಕೊಂಡಿತು.

“ತಾತಾ,” ಜಗನ್ ಮೈಕಿನಲ್ಲೇ ಕೇಳಿದ, “ಇಬ್ರು ಎತ್ತಿದ್ದಾರೆ. ಈಗೇನ್ ಹೇಳ್ಲಿ?”

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಮುನಿವೆಂಕಟಪ್ಪ ಪಂಚೆ ಎತ್ತಿ ಕಟ್ಟಿದ. “ಇಳ್ಸೇ ಕೈನ, ಲೌಡಿ! ನಾಳೆ ಮಗಳ ಟೀಸಿ ಹಿಡ್ಕೊಂಡ್ ಬೀದಿಗೆ ನಿಂತ್ಕೊಂಡೀಯ! ಏಯ್ ವಾಚ್‌ಮನ್, ಎಳ್ದಾಕೋ ಅವಳ್ನ!”

ವೇದಿಕೆಯ ಮೇಲಿಂದ ಮಗಳು ಅವಳನ್ನೇ ನೋಡುತ್ತಿದ್ದಳು.

ವಾಚ್‌ಮನ್ ಬಂದು ಬಲಗೈ ತಿರುಚಿ ಕೆಳಕ್ಕೆಳೆದ. ಮಂಜುಳಮ್ಮ ಎಡಗೈ ಎತ್ತಿದಳು.