ಒಂದು–ಸೊನ್ನೆ

ಚಾರ್ಜರ್‌ಗಾಗಿ ಚೀಲದೊಳಗೆ ಕೈ ಹಾಕಿದವಳಿಗೆ ಸಿಕ್ಕಿದ್ದು ರೇಡಿಯೋ.

ಆಸ್ಪತ್ರೆಯಿಂದ ಬಂದ ಆ ಚೀಲ ಐದು ದಿನದಿಂದ ಬಾಗಿಲ ಹಿಂದೆ ಹಾಗೆಯೇ ಕೂತಿತ್ತು. ಬಿಚ್ಚುವ ಅಗತ್ಯ ಬಿದ್ದಿರಲಿಲ್ಲ. ಗಂಡನ ಅಂತ್ಯಕ್ರಿಯೆಗೆ ಬಂದವರು ಮನೆ ತುಂಬ ಇದ್ದರು. ಯಾರದೋ ಸೋಪು, ಯಾರದೋ ಬಾಚಣಿಗೆ, ನಾದಿನಿಯ ಚಾರ್ಜರ್. ನಿನ್ನೆ ಸಂಜೆ ಅತ್ತೆಯನ್ನೂ ನಾದಿನಿಯನ್ನೂ ಬಸ್ಸು ಹತ್ತಿಸಿ ಬಂದಿದ್ದಳು. ಇವತ್ತು ಬೆಳಿಗ್ಗೆ ಎದ್ದರೆ ನಲ್ಲಿಯಲ್ಲಿ ನೀರು ಬಂತು. ಹಾಲು ಉಕ್ಕಿತು, ಒರೆಸಿದಳು. ಕಸದವನು ಬಂದು ಹೋದ. ಎಲ್ಲ ಎಂದಿನಂತೆ ನಡೆಯಿತು. ಅಳು ಬರಲಿಲ್ಲ, ಈವರೆಗೂ ಬಂದಿರಲಿಲ್ಲ. "ಅತ್ತುಬಿಡೇ ಒಂದ್ಸಲ, ಹೀಗೆ ಕಲ್ಲಿನ ಥರ ಇರಬೇಡ" ಅಂತ ಅತ್ತೆ ಬಸ್ಸಿನ ಕಿಟಕಿಯಿಂದ ಹೇಳಿದ್ದರು. ಅವಳು "ಹೂಂ" ಅಂದಿದ್ದಳು, ಬಟ್ಟೆ ಒಣಗಿಹಾಕು ಅಂದರೆ ಹೂಂ ಅನ್ನುವ ಹಾಗೆ.

ರೇಡಿಯೋ ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಯಷ್ಟೇ ಭಾರ. ಹಿಡಿಕೆಗೆ ಕೆಂಪು ದಾರ ಸುತ್ತಿತ್ತು, ಬದಿಯಲ್ಲಿ ಶೇವಿಂಗ್ ಕ್ರೀಮಿನ ಒಣಗಿದ ಕಲೆ. ಬೀದಿ ತುದಿಯ ಕ್ಷೌರದಂಗಡಿಯದು. ಊರಿನ ಫುಟ್‌ಬಾಲ್ ತಂಡ ಆಡುವ ದಿನ ಅವಳ ಗಂಡ ಅಲ್ಲಿಗೆ ಹೋಗಿ ಕೂರುತ್ತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ನಡುವೆ ಸಿಕ್ಕಿಬಿದ್ದವರ ಜೊತೆ ಬಾಗಿಲ ಸಂದಿಯಿಂದಲೇ ಮಾತಾಡುತ್ತ, ಇನ್ನೇನು ಬಂತು, ಇನ್ನೇನು ಬಂತು ಅಂತ ಧೈರ್ಯ ಹೇಳುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ತಂಡ ಸೋಲುತ್ತಿದ್ದಾಗಲೂ ಅದೇ ದನಿ. ಅಂಗಡಿಯಲ್ಲಿ ಅವನಿಗೆ "ಇನ್ನೇನು" ಅಂತಲೇ ಹೆಸರು.

ಎರವಲು ತಂದದ್ದನ್ನು ಅವನು ಎಂದೂ ತಾನಾಗಿ ಹಿಂದಿರುಗಿಸಿದವನಲ್ಲ. ಪಕ್ಕದ ಮನೆಯ ಏಣಿ ಒಂದು ವರ್ಷ ಇವರ ಹಿತ್ತಲಲ್ಲಿತ್ತು. "ಲೈಬ್ರರಿಯವಳನ್ನ ಕಟ್ಟಿಕೊಂಡಿದ್ದು ಯಾಕೆ ಮತ್ತೆ? ವಾಪಸ್ ಕೊಡೋದು ನಿನ್ನ ಇಲಾಖೆ" ಅನ್ನುತ್ತಿದ್ದ. ಆದರೆ ಆಸ್ಪತ್ರೆಯಲ್ಲಿ, ಮೂಗಿಗೆ ನಳಿಕೆ ಹಾಕಿದ್ದಾಗ, ತಾನೇ ನೆನಪು ಮಾಡಿದ್ದ: "ರೇಡಿಯೋ ಮರೀಬೇಡ. ಎರಡನೇ ಆಟದ ದಿನ ಅದು ಅಂಗಡೀಲಿರಬೇಕು."

ಎರಡನೇ ಆಟ ಇವತ್ತೇ, ನಾಲ್ಕು ಗಂಟೆಗೆ.

ಕಲೆ ಒರೆಸಲು ತಿರುಗಿಸಿದಾಗ ಬ್ಯಾಟರಿಯ ಮುಚ್ಚಳ ಕಳಚಿ ಮಡಿಚಿದ ಚೀಟಿಯೊಂದು ಬಿತ್ತು. ಔಷಧಿ ಅಂಗಡಿಯ ರಸೀದಿಯ ಹಿಂಬದಿ. ಪೆನ್ಸಿಲ್ಲಿನಲ್ಲಿ, ಮಲಗಿಕೊಂಡು ಬರೆದ ಸೊಟ್ಟ ಅಕ್ಷರ:

1–0. ಮುದುಕ ಇರ್ತಾನೆ.

ಅವಳಿಗೆ ಅರ್ಥವಾಯಿತು. ಅವನು ನೂರು ಸಲ ವಿವರಿಸಿದ್ದ. ಪ್ರತಿ ಆಟಕ್ಕೂ ಮುಂಚೆ ಅವರೆಲ್ಲ ಒಂದೊಂದು ಚೀಟಿ ಬರೆದು ಖಾಲಿ ಪೌಡರ್ ಡಬ್ಬಿಗೆ ಹಾಕುತ್ತಾರೆ, ಆಟ ಮುಗಿದ ಮೇಲೆ ತೆಗೆದು ಓದುತ್ತಾರೆ. ಒಂದು ಸಾಲು ಗೋಲಿನದು, ಇನ್ನೊಂದು ಸಾಲು ತಂಡದ ಮ್ಯಾನೇಜರ್‌ದು: ಮುದುಕ ಇರ್ತಾನೋ, ಹೋಗ್ತಾನೋ. ಮೊದಲ ಆಟ ಎದುರಾಳಿಗಳ ಊರಲ್ಲಿ, ಎರಡನೆಯದು ಇಲ್ಲಿ. ಎರಡೂ ಆಟದ ಗೋಲು ಕೂಡಿಸಿ ಹೆಚ್ಚಿದ್ದವರು ಮುಂದಿನ ಸುತ್ತಿಗೆ.

ಮೊದಲ ಆಟವನ್ನು ತಂಡ ಸೋತಿತ್ತು. ಮೂರು–ಸೊನ್ನೆ. ಈಗ ಒಂದು ಗೋಲಿನಿಂದ ಏನೂ ಆಗುವುದಿಲ್ಲ, ನಾಲ್ಕು ಬೇಕು.

ಆದರೆ ಅವನಿಗೆ ಅವಳು ಹೇಳಿದ್ದು ಹಾಗಲ್ಲ.

ಆ ದಿನ ದಿಂಬಿನ ಪಕ್ಕದಲ್ಲಿ ರೇಡಿಯೋ ಸಣ್ಣಗೆ ಮಾತಾಡುತ್ತಿತ್ತು. ಅರ್ಧ ಆಟಕ್ಕೆ ಒಂದು–ಸೊನ್ನೆ ಹಿಂದೆ ಇದ್ದಾಗ ಅವನಿಗೆ ನಿದ್ದೆ ಬಂತು. ಉಳಿದದ್ದನ್ನು ಅವಳೊಬ್ಬಳೇ ಕೇಳಿದಳು, ಅರ್ಥವಾದಷ್ಟು. ಎರಡನೇ ಗೋಲು, ಮೂರನೇ ಗೋಲು. ಅವನು ಎದ್ದು "ಏನಾಯ್ತು?" ಅಂದಾಗ ಡಾಕ್ಟರು ಕಾರಿಡಾರಿನಲ್ಲಿ ಆಡಿದ ಮಾತಿನ್ನೂ ಅವಳ ಕಿವಿಯಲ್ಲಿತ್ತು. ಒಂದೇ ದಿನ ಎರಡು ಕೆಟ್ಟ ಸುದ್ದಿ ಹೊರುವುದು ಆಗಲಿಲ್ಲ.

"ಡ್ರಾ ಆಯ್ತು. ಒಂದು–ಒಂದು."

"ಹೊಡೆದದ್ದು ಯಾರು?"

ಅವಳಿಗೆ ಗೊತ್ತಿದ್ದದ್ದು ಒಬ್ಬನೇ ಆಟಗಾರ. ಗಂಡ ಭಾನುವಾರ ಹಾಕಿಕೊಳ್ಳುತ್ತಿದ್ದ ಅಂಗಿಯ ಮೇಲೆ ಆ ಆಟಗಾರನ ಅಂಕಿ ಇತ್ತು. "ಒಂಬತ್ತು" ಅಂದಳು.

"ಒಂಬತ್ತಾ?" ಅವನು ಅವಳನ್ನೇ ನೋಡಿದ. ಆಮೇಲೆ ನಕ್ಕ, ನಗು ಕೆಮ್ಮಾಯಿತು. "ಭೇಷ್. ಹಾಗಾದ್ರೆ ಮುದುಕ ಬಚಾವ್" ಅಂದು ಅವಳ ಕೈ ತಟ್ಟಿದ. ಮೂರು ದಿನಕ್ಕೆ ಹೋದ.

ಚೀಟಿ ಈಗ ಅವಳ ಅಂಗೈಯಲ್ಲಿತ್ತು. ಸಂಜೆ ಅದನ್ನು ಬಿಚ್ಚಿದವರು ಏನೆಂದುಕೊಳ್ಳುತ್ತಾರೆ? ಇನ್ನೇನು ಅನ್ನುತ್ತಿದ್ದವನೂ ಕೊನೆಗೆ ಕೈಚೆಲ್ಲಿದ ಅನ್ನುತ್ತಾರೆ. ಇಲ್ಲವೇ ಜ್ವರಕ್ಕೆ ತಲೆ ನಿಲ್ಲದೆ ಲೆಕ್ಕ ತಪ್ಪಿದ ಅನ್ನುತ್ತಾರೆ. ಎರಡೂ ಸುಳ್ಳು. ಸುಳ್ಳು ಹೇಳಿದವಳು ಅವಳು, ಹೊರುವವನು ಅವನು.

ಪೆನ್ಸಿಲ್ ತಂದಳು. ಒಂದನ್ನು ನಾಲ್ಕು ಮಾಡಲು ಎರಡು ಗೀಟು ಸಾಕು. ತುದಿಯನ್ನು ಕಾಗದದ ಮೇಲೆ ಇಟ್ಟು ಸ್ವಲ್ಪ ಹೊತ್ತು ಕೂತಳು. ಕಾಗದದ ಮೇಲೆ ಒಂದು ಚುಕ್ಕೆ ಮೂಡಿತು, ಅಷ್ಟೇ. ಚೀಟಿ ಮಡಿಚಿ, ರೇಡಿಯೋ ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು. ಫೋನು ಚಾರ್ಜಿಗೆ ಹಾಕುವುದು ಮರೆತೇಹೋಯಿತು.

ಅಂಗಡಿಯ ಮಾತು ಮೂರು ಬಾಗಿಲ ಆಚೆಗೇ ಕೇಳಿಸುತ್ತಿತ್ತು.

"ನಾಲ್ಕು ಗೋಲು ಅಂದ್ರೆ ನಾಲ್ಕು ಗುಂಡಿ ಅಂದ್ಕೊಂಡ್ಯಾ, ಕೂತಲ್ಲೇ ಹೊಲಿದುಕೊಡೋಕೆ?" ಇದು ದರ್ಜಿ. ಯಾರನ್ನು ಕಂಡರೂ ಹೊರಗೆ ಹಾಕಿ ಅನ್ನುವುದರಿಂದ ಅವನಿಗೆ "ರೆಡ್ ಕಾರ್ಡ್" ಅನ್ನುತ್ತಿದ್ದರು.

"ಮೊದಲ ಕಾಲು ಗಂಟೇಲಿ ಒಂದು ಬಿದ್ರೆ ನೋಡ್ತಿರು" ಅಂದ ಬಸ್ ಡ್ರೈವರ್. ಅವನು ಕುರ್ಚಿಯಲ್ಲಿದ್ದ, ಅರ್ಧ ಕೆನ್ನೆಗೆ ನೊರೆ.

"ಬಿದ್ರೆ! ನಿನ್ನ ಬಸ್ಸು ಟೈಮಿಗೆ ಬಂದ್ರೆ ಅಂದ ಹಾಗೆ."

"ತಲೆ ಅಲ್ಲಾಡಿಸಬೇಡವೋ, ಕಿವಿ ಹೋದೀತು" ಅಂದ ಕ್ಷೌರಿಕ. ಅಂಗಡಿಗೆ ಅವನು ಟೀವಿ ತಂದಿರಲಿಲ್ಲ. ಟೀವಿ ಕಣ್ಣು ಬೇಡುತ್ತೆ, ಗಿರಾಕಿ ಕತ್ತೂ ಕಣ್ಣು ಬೇಡುತ್ತೆ, ರೇಡಿಯೋ ಆದರೆ ಕಿವಿಯಷ್ಟೇ ಸಾಕು ಅನ್ನುತ್ತಿದ್ದ.

"ಮುದುಕನ್ನ ನಾಳೆನೇ ಮನೆಗೆ ಕಳಿಸ್ತಾರೆ, ಬರೆದಿಟ್ಕೋ" ಅಂದ ದರ್ಜಿ.

"ಎರಡನೇ ದರ್ಜೇಲಿ ಕೊಳೀತಿದ್ದ ತಂಡನ ಮೇಲಕ್ಕೆ ತಂದವನು ಕಣಯ್ಯ ಅವನು" ಅಂದ ಡ್ರೈವರ್.

"ತಂದ, ಯಾರು ಇಲ್ಲ ಅಂದ್ರು? ಈಗ ಅದೇ ಏಣೀಲಿ ಕೆಳಗೆ ಇಳಿಸ್ತಾ ಇದ್ದಾನೆ. 'ಇನ್ನೇನು' ಇದ್ದಿದ್ರೆ ಇನ್ನೂ ಅವನ ಪರ ವಾದ ಮಾಡ್ತಿದ್ದ..."

ಆಗ ಅವಳನ್ನು ಕಂಡರು. ಡ್ರೈವರ್ ನೊರೆಯೊಂದಿಗೇ ಎದ್ದು ನಿಲ್ಲಲು ಹೋದ. ಕ್ಷೌರಿಕ ಅವನ ಭುಜ ಅದುಮಿ ಕೂರಿಸಿದ.

"ಬಾ ತಾಯಿ" ಅಂದ. "ನಾನೇ ಯಾರನ್ನಾದ್ರೂ ಕಳಿಸ್ತಿದ್ದೆ. ಇದಕ್ಕೋಸ್ಕರ ನೀನು ಯಾಕೆ ಬರೋಕೆ ಹೋದೆ?"

"ಇವತ್ತು ಇಲ್ಲಿರಬೇಕು ಅಂದಿದ್ರು" ಅಂದಳು.

ದರ್ಜಿ ತನ್ನ ಸ್ಟೂಲು ಅವಳ ಕಡೆ ತಳ್ಳಿದ. ಅವಳು ಕೂರಲಿಲ್ಲ. ಕನ್ನಡಿಯ ಮುಂದೆ, ಬಾಚಣಿಗೆಗಳ ಪಕ್ಕ, ಪೌಡರ್ ಡಬ್ಬಿ ಇತ್ತು.

"ಅವನ ಚೀಟಿ ಒಂದಿಲ್ಲ ನೋಡು" ಅಂದ ಡ್ರೈವರ್, ಏನಾದರೂ ಆಡಬೇಕಲ್ಲ ಎಂಬಂತೆ. "ಇದ್ದಿದ್ರೆ ಐದು–ಸೊನ್ನೆ ಅಂತ ಬರೀತಿದ್ದ, ಪುಣ್ಯಾತ್ಮ."

"ಚೀಟಿ ಇದೆ" ಅಂದಳು. "ಐದು ಅಲ್ಲ. ಒಂದು ಅಂತ ಬರೆದಿದ್ದಾರೆ."

ದರ್ಜಿ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡ. "ಅವನೂನಾ?" ಅಂದ ಮೆಲ್ಲಗೆ. ದಿನಾ ಆ ಆಶಾವಾದಕ್ಕೆ ಉರಿದುಬೀಳುತ್ತಿದ್ದವನ ಮುಖ, ತನ್ನದೇ ಏನೋ ಕಳೆದುಹೋದವನ ಹಾಗೆ ಇಳಿದುಹೋಯಿತು.

"ಹಾಗಲ್ಲ. ಅವರು ಕೈಚೆಲ್ಲಲಿಲ್ಲ. ಮೊದಲನೇ ಆಟ ಡ್ರಾ ಅಂತ ನಾನೇ ಹೇಳಿದ್ದೆ. ಒಂದು–ಒಂದು ಅಂತ. ಅವರ ಲೆಕ್ಕದಲ್ಲಿ ಒಂದು ಸಾಕಿತ್ತು." ಉಸಿರೆಳೆದುಕೊಂಡಳು. "ನೀವು ತಪ್ಪು ತಿಳೀಬಾರದು ಅಂತ ಬಂದೆ."

ದರ್ಜಿ ಅವಳನ್ನು ನೋಡಿದ. "ಯಾಕಮ್ಮಾ ಹಾಗೆ ಮಾಡ್ದೆ? ಅವನೇನು ಮಗೂನಾ? ಏಳು ಗೋಲು ತಿಂದ ದಿನಾನೂ ಇಲ್ಲೇ ಕೂತು, ನಕ್ಕೊಂಡು ಮನೆಗೆ ಹೋದವನು. ಗೆದ್ದದ್ದು ಅವನದು ಅಂದಮೇಲೆ ಸೋತದ್ದೂ ಅವನದೇ ತಾನೇ? ಅದನ್ನ..."

"ಸಾಕು ಬಿಡು" ಅಂದ ಕ್ಷೌರಿಕ.

"ಅವರು ಹೇಳ್ತಿರೋದು ಸರಿ" ಅಂದಳು ಅವಳು. ಅದನ್ನೇ ಕೇಳಿಸಿಕೊಳ್ಳಲು ಬಂದವಳ ಹಾಗಿತ್ತು ಅವಳ ದನಿ. "ಗೋಲು ಯಾರು ಹೊಡೆದದ್ದು ಅಂತಾನೂ ಕೇಳಿದ್ರು. ಅದಕ್ಕೂ ಸುಳ್ಳೇ ಹೇಳಿದೆ. ಒಂಬತ್ತು ಅಂದೆ."

ಕ್ಷೌರಿಕನ ಕತ್ತಿ ಗಾಳಿಯಲ್ಲೇ ನಿಂತಿತು. ಕನ್ನಡಿಯೊಳಗಿಂದ ಡ್ರೈವರ್ ದರ್ಜಿಯನ್ನು ನೋಡಿದ, ದರ್ಜಿ ಡ್ರೈವರನ್ನು.

"ಒಂಬತ್ತು ಅಂದ್ಯಾ?" ದರ್ಜಿ ಕೇಳಿದ.

"ಹೂಂ. ಯಾಕೆ?"

"ಒಂಬತ್ತು ಆವತ್ತು ಆಡಲೇ ಇಲ್ಲಮ್ಮ" ಅಂದ ಡ್ರೈವರ್. "ಹಿಂದಿನ ದಿನ ಮಂಡಿಗೆ ಪೆಟ್ಟು ಮಾಡ್ಕೊಂಡು ಮಲಗಿದ್ದ. ಆವತ್ತು ಮಧ್ಯಾಹ್ನ ನಾನೇ ಫೋನ್ ಮಾಡಿ 'ಇನ್ನೇನು'ಗೆ ಹೇಳ್ದೆ. ನೀನು ಔಷಧಿ ತರೋಕೆ ಹೋಗಿದ್ದೀಯ ಅಂದ. ಮಾತಾಡೋಕೆ ಉಸಿರಿರಲಿಲ್ಲ ಅವನಿಗೆ, ಆ ಒಂಬತ್ತನ್ನ ಬೈಯೋಕೆ ಮಾತ್ರ ಇತ್ತು."

ಹೊರಗೆ ಯಾರೋ ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದು. ಅವಳು ಚೀಟಿ ಬಿಚ್ಚಿ ಮತ್ತೊಮ್ಮೆ ಓದಿದಳು. ಸುಳ್ಳೆಂದು ಗೊತ್ತಿದ್ದೂ, ಅಷ್ಟು ಸೊಟ್ಟ ಅಕ್ಷರವನ್ನು ಅವನು ಎಷ್ಟು ಹೊತ್ತು ಬರೆದಿರಬೇಕು! ಒಂದರ ತಲೆಯ ಬಳಿ ಅವಳು ಮನೆಯಲ್ಲಿ ಇಟ್ಟ ಪೆನ್ಸಿಲ್ ಚುಕ್ಕೆ ಇತ್ತು.

"ಆಮೇಲೆ ಏನಂದ ಅವನು? ಒಂಬತ್ತು ಅಂದಾಗ?" ಕ್ಷೌರಿಕ ಕೇಳಿದ.

"ನಕ್ಕರು" ಅಂದಳು. ಅವನು ತಟ್ಟಿದ್ದ ತನ್ನ ಕೈಯನ್ನೇ ನೋಡಿಕೊಂಡಳು.

ದರ್ಜಿ ಎದ್ದು ಬಾಗಿಲ ಕಡೆ ಮುಖಮಾಡಿ ನಿಂತ. ಬೆನ್ನು ತಿರುಗಿಸಿಯೇ, "ನಾನು ಆಡಿದ್ದು ಮನಸ್ಸಲ್ಲಿಟ್ಕೋಬೇಡ ತಂಗಿ" ಅಂದ. "ನನ್ನ ಬಾಯಿ ಹಾಗೆ."

ಕ್ಷೌರಿಕ ಕೈಯೊರೆಸಿಕೊಂಡು ಪೌಡರ್ ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿ, ಮುಂದೆ ಚಾಚಲೂ ಇಲ್ಲ, ಹಿಂದಕ್ಕೆ ಇಡಲೂ ಇಲ್ಲ. "ಇದು ನಮಗೆ ಬರೆದ ಚೀಟಿ ಅಲ್ಲ ತಾಯಿ" ಅಂದ. "ನಿನ್ನ ಹತ್ತಿರಾನೇ ಇಟ್ಕೋ ಬೇಕಾದ್ರೆ."

ಅವಳು ಅವನು ಮಡಿಚಿದ್ದ ಗೆರೆಗಳ ಮೇಲೆಯೇ ಚೀಟಿಯನ್ನು ಮಡಿಚಿದಳು, ಒಂದು ಸಲ, ಎರಡು ಸಲ. ಡಬ್ಬಿಗೆ ಹಾಕಿದಳು. ಒಳಗೆ ಸದ್ದೇನೂ ಆಗಲಿಲ್ಲ.

"ಎಲ್ಲರದೂ ಓದುವಾಗ ಓದಿ" ಅಂದಳು.

ರೇಡಿಯೋ ಇನ್ನೂ ಅವಳ ಎಡತೋಳಿಗೆ ನೇತಾಡುತ್ತಿತ್ತು. ಇಸಿದುಕೊಳ್ಳಲು ಡ್ರೈವರ್ ಕೈ ಚಾಚಿದ. ಅವಳು ತಲೆಯಲ್ಲಾಡಿಸಿ ತಾನೇ ಗೋಡೆಯ ಹಲಗೆಯ ಬಳಿಗೆ ಹೋದಳು. ಹಲಗೆಯ ತುಂಬ ಸಣ್ಣ ಕೂದಲು, ಧೂಳು, ಹಳೇ ಸೀಸೆಗಳ ಸಾಲು. ನಡುವೆ ಒಂದು ಆಯತ ಮಾತ್ರ ಧೂಳಿಲ್ಲದೆ ಉಳಿದಿತ್ತು. ಇಷ್ಟು ದಿನವೂ ಅಲ್ಲಿ ಯಾರೂ ಬೇರೇನನ್ನೂ ಇಟ್ಟಿರಲಿಲ್ಲ.

ಅವಳು ರೇಡಿಯೋವನ್ನು ಅದರೊಳಗೆ ಇಟ್ಟಳು. ಒಂದು ಮೂಲೆ ತುಸು ಹೊರಗಿತ್ತು, ಬೆರಳಿನಿಂದ ಸರಿಸಿದಳು. ಈಗ ಸರಿಯಾಗಿ ಕೂತಿತು. ಹಿಡಿಕೆಯ ಕೆಂಪು ದಾರದ ಮೇಲೆ ಕೈ ಹಾಗೆಯೇ ಇತ್ತು, ತೆಗೆಯುವುದು ಹೇಗೆಂದು ಅದಕ್ಕೆ ತಿಳಿಯದ ಹಾಗೆ. ಅವಳ ಹಿಂದೆ ಕ್ಷೌರಿಕ ಡ್ರೈವರನ ಕೆನ್ನೆಗೆ ಹೊಸದಾಗಿ ನೊರೆ ಹಚ್ಚತೊಡಗಿದ. ಮೊದಲಿನದು ಒಣಗಿಹೋಗಿತ್ತು.