ವಿಶೇಷ ಗಮನ ಅಗತ್ಯ

ನಾನು ಒಂದು ರಬ್ಬರ್ ಸ್ಟಾಂಪು. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡ್ ಎದುರಿನ ಪುಟ್ಟ ಅಂಗಡಿಯಲ್ಲಿ ಹುಟ್ಟಿದೆ. ಮೈಮೇಲಿನ ಅಕ್ಷರಗಳೆಲ್ಲ ಉಲ್ಟಾ. ಆದರೂ ನನ್ನನ್ನು ಯಾರೂ ದಡ್ಡ ಎನ್ನಲಿಲ್ಲ. ಕಾಗದಕ್ಕೆ ಒತ್ತಿದರೆ ‘ವಿಶೇಷ ಗಮನ ಅಗತ್ಯ’ ಎಂದು ನೇರಳೆ ಬಣ್ಣದಲ್ಲಿ ಮೂಡುತ್ತೇನೆ.

ನನ್ನನ್ನು ಮಾಡಿಸಿದವರು ಪ್ರಾಥಮಿಕ ಶಾಲೆಯ ಬಡಿಗೇರ ಸರ್. ಓದಲು, ಬರೆಯಲು ತಡವರಿಸುವ ಮಕ್ಕಳ ಪ್ರಗತಿಪತ್ರಕ್ಕೆ ಒತ್ತುತ್ತಿದ್ದರು. ಒತ್ತಿದರೆ ಗಮನ ಕೊಟ್ಟಂತೆಯೇ. ಆಮೇಲೆ ಆ ಮಗುವಿನ ಕಡೆ ನೋಡುವ ಗರಜಿರಲಿಲ್ಲ. ಕೆಟ್ಟವರಲ್ಲ. ಅರವತ್ತು ಮಕ್ಕಳು, ಎರಡೇ ಕಣ್ಣು.

ಚಂದ್ರಕಲಾ ಎಂಬ ಹುಡುಗಿಯ ಕಾರ್ಡಿನ ಮೇಲೆ ಮೂರು ವರ್ಷ ಬಿದ್ದೆ. ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಅವಳ ಪತ್ರಿಕೆಯಲ್ಲಿ ಉತ್ತರಕ್ಕಿಂತ ತೂತೇ ಹೆಚ್ಚು. ಖಾನಾವಳಿಗೆ ರೊಟ್ಟಿ ಬಡಿಯುವ ಅವ್ವ ಶಂಕ್ರವ್ವ ಓದಿದವಳಲ್ಲ. ನನ್ನನ್ನು ಸರಕಾರದ ಮುದ್ರೆ ಎಂದುಕೊಂಡು ಪ್ರತಿ ಕಾರ್ಡಿಗೂ ಕೈಮುಗಿದು ದೇವರ ಫೋಟೊದ ಹಿಂದೆ ಇಡುತ್ತಿದ್ದಳು.

ಮಗಳು ಐದನೇ ತರಗತಿಯಲ್ಲಿದ್ದಾಗ ಸರ್ ಅವ್ವನಿಗೆ ಆ ಮುದ್ರೆಯ ಅರ್ಥ ಹೇಳಿದರು. ಮರುದಿನವೇ ಶಂಕ್ರವ್ವ ಮಗಳ ಕೈಹಿಡಿದುಕೊಂಡು, ಶಾಲೆಯಿಂದ ಅವಳ ಹೆಸರು ತೆಗೆಸಲು ಬಂದಳು.

“ಅಕ್ಷರ ಹತ್ತಲಿಲ್ಲಂದ್ರ ಕೈಗೆ ಹಿಟ್ಟರ ಹತ್ತಲಿ ಬಿಡ್ರಿ.”

ಹೊಸದಾಗಿ ಬಂದ ಶಿಕ್ಷಕಿ ಕಸ್ತೂರಿ ಅಕ್ಕೋರು ಮೇಜಿನ ಬಳಿ ಇದ್ದರು. ನನ್ನನ್ನು ಪಕ್ಕಕ್ಕೆ ಸರಿಸಿ, ಚಂದ್ರಕಲಾಳ ವಿಜ್ಞಾನದ ಪತ್ರಿಕೆ ತೆಗೆದು ಒಂದು ಪ್ರಶ್ನೆಯನ್ನು ತಾವೇ ಗಟ್ಟಿಯಾಗಿ ಓದಿದರು: “ನೀರು ಆವಿಯಾದರೆ ಹೆಚ್ಚು ಜಾಗ ಬೇಕು. ಒಂದು ಉದಾಹರಣೆ ಕೊಡು.”

“ರೊಟ್ಟಿ ರೀ,” ಎಂದಳು ಚಂದ್ರಕಲಾ.

ಬಡಿಗೇರ ಸರ್ ನಕ್ಕರು. “ಪುಸ್ತಕದಾಗ ಕುಕ್ಕರ್ ಐತಿ. ಇಕಿ ನೋಡ್ರಿ, ಅಡಗಿಮನಿ ಬಿಟ್ಟು ಬರವಲ್ಲಳು.”

“ಕುಕ್ಕರ್ ಏನು ಕಚೇರ್ಯಾಗ ಇರತೈತೇನ್ರಿ, ಸರ?” ಎಂದ ಅಕ್ಕೋರು ಹುಡುಗಿಯ ಕಡೆ ತಿರುಗಿದರು. “ನೀ ಹೇಳವ್ವಾ.”

“ರೊಟ್ಟಿ ಮ್ಯಾಲ ನೀರು ಹಚ್ಚಿ ಹೊಳ್ಳಿ ಹಾಕತೀವಲ್ರಿ, ಆ ಪದರ ಮೊದಲ ಬೇಯತೈತಿ. ಒಳಗಿನ ನೀರು ಹಬಿ ಆಗಿ ಹೊರಗ ಹೋಗಾಕ ದಾರಿ ಸಿಗಂಗಿಲ್ಲ, ಉಬ್ಬತೈತಿ. ಅಂಚು ಸೀಳಿದ್ರ ಉಬ್ಬಂಗಿಲ್ಲ. ಆದ್ರ ಅಕ್ಕೋರ, ಬಿಸಿಲಿಗೆ ನೆಲದಾಗಿನ ನೀರೂ ಹಬಿ ಆಗತೈತಿ. ನೆಲ ಯಾಕ ಉಬ್ಬಂಗಿಲ್ರಿ?”

ಅಕ್ಕೋರು ಆ ಪ್ರಶ್ನೆಯನ್ನು ಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡರು.

“ಇಷ್ಟು ಗೊತ್ತಿದ್ರ ಬರಿಯಾಕೇನು ಧಾಡಿ?” ಸರ್ ಗೊಣಗಿದರು.

“ಬುದ್ಧಿ ಚುರುಕ ಐತ್ರಿ. ಅಕ್ಷರ ಕಾಡತಾವ. ಎರಡೂ ಒಂದ ಕೂಸಿನ್ಯಾಗ ಇರಬಹುದು.” ಅಕ್ಕೋರು ಶಂಕ್ರವ್ವನ ಕಡೆ ತಿರುಗಿದರು. “ಹೆಸರು ತೆಗಿಯೂದಿಲ್ಲ. ಪರೀಕ್ಷ್ಯಾಗ ಪ್ರಶ್ನೆ ನಾ ಓದತೀನಿ, ಇಕಿ ಬಾಯಿಲೆ ಹೇಳಲಿ. ದಿನಾ ಸಂಜಿಗೆ ಅರ್ಧ ತಾಸು ಓದೂದು ಕಲಸತೀನಿ.”

“ಹಂಗಾದ್ರ ಇಕಿ ದಡ್ಡಿ ಅಲ್ಲೇನ್ರಿ?” ಶಂಕ್ರವ್ವ ಸೆರಗು ಬಾಯಿಗೆ ಹಿಡಿದಳು. “ಮನ್ಯಾಗೂ ಹಿಂಗ ಕೇಳಿ ಕೇಳಿ ತಲಿ ತಿಂತಾಳ. ಸೊಕ್ಕು ಅಂತ ತಿಳಕೊಂಡಿದ್ದೆ.”

ಮಗಳನ್ನು ಅಲ್ಲೇ ಬಿಟ್ಟು ಹೋದಳು.

ಆ ವರ್ಷದ ಕಾರ್ಡಿನಲ್ಲಿ ನಾನು ಬೀಳುವ ಜಾಗದಲ್ಲಿ ಅಕ್ಕೋರು ಕೈಯಾರೆ ನಾಲ್ಕು ಸಾಲು ಬರೆದರು. ಈಗ ನನ್ನ ರಬ್ಬರ್ ಬಿರಿದಿದೆ. ಡ್ರಾಯರಿನಲ್ಲಿ ಒಣಗಿದ ಪ್ಯಾಡಿನ ಪಕ್ಕ ಮಲಗಿದ್ದೇನೆ. ಮೂರು ಪದಗಳನ್ನು ಸಾವಿರ ಸಲ ಹೇಳಿದೆ; ಹೇಳಿದಂತೆ ಮಾಡಿದವರು ನನ್ನನ್ನು ಬಳಸಲೇ ಇಲ್ಲ. ಬೇಸರವೇನಿಲ್ಲ.

ಸಂಜೆ ಚಂದ್ರಕಲಾ ಓದುವುದು ಕೇಳಿಸುತ್ತದೆ. ಒಂದು ಸಾಲು ಮುಗಿಸಲು ಅವಳಿಗೆ ಕಾಲು ಗಂಟೆ ಬೇಕು. ಮುಗಿಸಿ ಅವಳು ಕೇಳುವ ಪ್ರಶ್ನೆಗೆ ಉತ್ತರ ಹುಡುಕಲು ಅಕ್ಕೋರಿಗೆ ಎರಡು ದಿನ ಬೇಕು.