ಹಳ್ಳಕ್ಕಿಳಿದ ಕಾರು

ನಮ್ಮ ಕಡೆ ಹಿಮಕ್ಕೆ ಹೆದರುವವರನ್ನು ಜನ ಆಡಿಕೊಂಡು ನಗುತ್ತಾರೆ. ಒಂಟಾರಿಯೊ ಸರೋವರದ ಪೂರ್ವಕ್ಕಿರುವ ಈ ಊರುಗಳಲ್ಲಿ ಕಿಟಕಿ ಮುಚ್ಚುವಷ್ಟು ಬಿದ್ದರೂ ಬೈದುಕೊಳ್ಳುತ್ತಾ ಸಲಿಕೆ ಹಿಡಿದು, ದಾರಿ ಮಾಡಿಕೊಂಡು ಕೆಲಸಕ್ಕೆ ಹೋಗುತ್ತೇವೆ. ಇನ್ನೊಂದು ಜಂಬವೂ ನಮಗಿದೆ. ಹಳ್ಳಕ್ಕಿಳಿದ ಕಾರನ್ನು ಕಂಡೂ ಕಾಣದಂತೆ ದಾಟಿಹೋದವನು ನಮ್ಮವನಲ್ಲ. ನನ್ನ ಗಂಡ ಡೆಲ್ಬರ್ಟ್ ಅಂತೂ ಡಿಕ್ಕಿಯಲ್ಲಿ ಸರಪಳಿ, ಸಲಿಕೆ, ಕಂಬಳಿ ಇಲ್ಲದೆ ಹಾಲು ತರಲಿಕ್ಕೂ ಹೊರಡುವವನಲ್ಲ. ಎಷ್ಟು ಜನರ ಕಾರನ್ನು ಎಳೆದು ಮೇಲೆ ಹಾಕಿದ್ದಾನೋ, ಅವನಿಗೇ ನೆನಪಿಲ್ಲ.

ಆ ಮಧ್ಯಾಹ್ನ ಸಿರಾಕ್ಯೂಸ್‌ನಲ್ಲಿ ಅವನ ಕಣ್ಣಿನ ಡಾಕ್ಟರನ್ನು ಕಂಡು ಹೆದ್ದಾರಿಯಲ್ಲಿ ವಾಪಸು ಬರುತ್ತಿದ್ದೆವು. ಒಳ್ಳೆಯ ಬಿಸಿಲಿತ್ತು. ಇದ್ದಕ್ಕಿದ್ದಂತೆ ನಮ್ಮಿಬ್ಬರ ಫೋನುಗಳೂ ಒಟ್ಟಿಗೆ ಕಿರುಚಿಕೊಂಡವು.

"ಏನಂತೆ ಅದರ ಗೋಳು?" ಅಂದ.

"ಹಿಮಗಾಳಿ ನುಗ್ತಾ ಇದೆಯಂತೆ. ಎದುರಿಗೆ ಏನೂ ಕಾಣೋದಿಲ್ವಂತೆ. ಹೆದ್ದಾರಿ ಬಿಟ್ಟು ಇಳೀರಿ ಅಂತಿದೆ."

"ನಿನ್ನೆ ಮೊನ್ನೆ ಹುಟ್ಟಿದ ಫೋನು, ನನಗೆ ಹಿಮದ ಪಾಠ ಹೇಳತ್ತೆ ನೋಡು."

"ಅದರ ಮಾತು ಬೇಡದಿದ್ರೆ ನನ್ನ ಮಾತು ಕೇಳು. ಮುಂದೆ ಇಳಿಯೋ ದಾರಿ ಇದೆ. ಬಂಕ್ ಹತ್ರ ನಿಲ್ಲಿಸು, ಸೇಬಿನ ಪೈ ಕೊಡಿಸ್ತೀನಿ."

"ಹಾಗೆ ಬಾ ದಾರಿಗೆ," ಅಂತ ನಕ್ಕು ಇಂಡಿಕೇಟರ್ ಹಾಕಿದ.

ಹಾಕಿದ್ದ. ಅಷ್ಟರಲ್ಲೇ ಆ ಸಣ್ಣ ನೀಲಿ ಕಾರು ಕಂಡಿತು. ರಸ್ತೆಯಿಂದ ಜಾರಿ, ಇಳಿಜಾರಿನ ಕೆಳಗೆ ಪೊದೆಗಳ ನಡುವೆ ಮೂತಿ ಊರಿ ನಿಂತಿತ್ತು. ಪಶ್ಚಿಮದಲ್ಲಿ ಮರಗಳ ಸಾಲು ಆಗಲೇ ಮಾಯವಾಗಿ, ಅಲ್ಲಿ ಬರೀ ಬಿಳುಪು ಎದ್ದಿತ್ತು.

"ನಿಲ್ಲಿಸಬೇಡ ಮಾರಾಯಾ! ಬಂಕಿಂದ ಫೋನ್ ಮಾಡೋಣ."

"ಒಳಗೆ ಹುಡುಗಿ ಇದಾಳೆ ಕಣೇ," ಅಂದವನೇ ರಸ್ತೆಯಂಚಿಗೆ ಕಾರು ಒತ್ತಿ ನಿಲ್ಲಿಸಿ, ಸರಪಳಿ ಹೆಗಲಿಗೆ ಹಾಕಿಕೊಂಡು ಇಳಿದುಬಿಟ್ಟ. ನಾನು ಗಾಜು ಇಳಿಸಿ ಕೂಗುತ್ತಲೇ ಇದ್ದೆ. ಅವನು ಕೈ ಬೀಸಿದ, ನೊಣ ಓಡಿಸಿದ ಹಾಗೆ.

ಹುಡುಗಿ ಕಾಲೇಜಿಗೆ ಹೋಗುವ ವಯಸ್ಸಿನವಳು. ಅವಳೂ ಗಾಜು ಇಳಿಸಿದಳು. ಗಾಳಿ ಇನ್ನೂ ಬಂದಿರಲಿಲ್ಲವಾದ್ದರಿಂದ ಮಾತೆಲ್ಲ ನನಗೆ ಕೇಳುತ್ತಿತ್ತು.

"ನಾನು ಇಲ್ಲೇ ಇರ್ತೀನಿ ಸರ್. ಪೊಲೀಸ್‌ಗೆ ಹೇಳಿದೀನಿ. ಬೆಲ್ಟ್ ಬಿಚ್ಚಬೇಡ, ಹೊರಗೆ ಬರಬೇಡ ಅಂದ್ರು."

"ಅವರು ಬರೋಷ್ಟರಲ್ಲಿ ನೀನು ಐಸ್‌ಕ್ಯಾಂಡಿ ಆಗಿರ್ತೀಯ. ಬಾ ಪುಟ್ಟಿ, ಬೆಚ್ಚಗೆ ಕೂತ್ಕೋ. ಕಾರಲ್ಲಿ ನನ್ನ ಹೆಂಡ್ತಿ ಇದಾಳೆ, ಕೂಗ್ತಾಳೆ ಅಷ್ಟೇ, ಕಚ್ಚೋದಿಲ್ಲ."

ಅವಳು ನಕ್ಕಳು. ಆದರೆ ತಲೆ ಅಲ್ಲಾಡಿಸಿದಳು, ಬರುವುದಿಲ್ಲ ಅಂತ. ಡೆಲ್ಬರ್ಟ್ ಸೋತು ಎರಡು ಹೆಜ್ಜೆ ಹಿಂದಕ್ಕೂ ಬಂದ. ಆಗ ಸ್ಪೀಕರ್ ಹಾಕಿದ್ದ ಅವಳ ಫೋನ್‌ನಿಂದ ಅವಳಮ್ಮನ ದನಿ ಜೋರಾಗಿ ಬಂತು. ಅಷ್ಟು ಹೊತ್ತೂ ಆಕೆ ಅತ್ತ ಕೇಳಿಸಿಕೊಳ್ಳುತ್ತಲೇ ಇದ್ದಿರಬೇಕು.

"ಟೆಸ್ಸಾ, ಯಾರಮ್ಮ ಅವರು? ನಮ್ಮ ಕಡೆಯವರಾ?"

"ಇರ್ಬೇಕಮ್ಮ. ಸರಪಳಿ ಹೊತ್ಕೊಂಡು ಬಂದಿದಾರೆ."

"ಹಾಗಾದ್ರೆ ಇನ್ನೇನು ಯೋಚನೆ? ಹೋಗು ಅವರ ಜೊತೆ. ಒಬ್ಳೇ ಅಲ್ಲಿ ಕೂತಿರಬೇಡ."

"ಸರಿ," ಅಂದಳು. ಆಮೇಲೇ ಬೆಲ್ಟ್ ಬಿಚ್ಚಿದ್ದು.

ಬಂದು ನಮ್ಮ ಹಿಂದಿನ ಸೀಟಿನಲ್ಲಿ ಕೂತಳು. ಬಟ್ಟೆಯ ಶೂ ಒದ್ದೆಯಾಗಿತ್ತು, ನಾನು ಅವಳ ಕಾಲಿಗೆ ಕಂಬಳಿ ಸುತ್ತಿದೆ. "ನಿಮಗೆಲ್ಲ ತೊಂದರೆ ಆಯ್ತು," ಅಂದಳು. ಅಷ್ಟರಲ್ಲಿ ಗಾಳಿ ನುಗ್ಗಿತು. ರಸ್ತೆ ಹೋಯಿತು, ಆಕಾಶ ಹೋಯಿತು, ನಮ್ಮ ಕಾರಿನ ಬಾನೆಟ್ಟೇ ಕಾಣದಾಯಿತು. ಡೆಲ್ಬರ್ಟ್ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಸುಮ್ಮನೆ ಕೂತ. ಮುಂದೆ ಹೋಗುವ ಹಾಗಿರಲಿಲ್ಲ, ನಿಂತಿರುವ ಹಾಗೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ರಸ್ತೆಯಂಚಿಗಿಂತ ಕೆಟ್ಟ ಜಾಗವಿಲ್ಲ. ಅದು ಅವನಿಗೆ ಗೊತ್ತಾದದ್ದು ಅವನ ಮುಖದಲ್ಲಿ ಕಂಡಿತು.

"ಬೆಲ್ಟ್ ಹಾಕ್ಕೋ ಮಗಳೇ," ಅಂದ.

ಲಾರಿ ಹಾರ್ನ್ ಕೂಡ ಮಾಡಲಿಲ್ಲ. ಹಿಂದಿನಿಂದ ಬಂದು ಗುದ್ದಿತು, ಅದರ ಹಿಂದೆ ಇನ್ನೊಂದು.

ನನಗೆ ಪಕ್ಕೆಲುಬು ಮುರಿಯಿತು, ಅವನಿಗೆ ತೋಳು. ನಮ್ಮ ಹಿಂದಿನ ಸೀಟು ಅನ್ನುವುದೇ ಉಳಿದಿರಲಿಲ್ಲ. ಗಾಳಿ ಬಂದಷ್ಟೇ ಬೇಗ ಹೋಗಿ ಮತ್ತೆ ಬಿಸಿಲು ಬಂದಾಗ, ಕೆಳಗೆ ಹಳ್ಳದಲ್ಲಿ ಆ ನೀಲಿ ಕಾರು ಒಂದು ಗೀರೂ ಇಲ್ಲದೆ ನಿಂತಿತ್ತು. ಅದರ ಎಂಜಿನ್ ಇನ್ನೂ ಓಡುತ್ತಿತ್ತು, ಒಳಗೆ ಬೆಚ್ಚಗಿತ್ತು ಎಂದು ಪೊಲೀಸಿನವನೊಬ್ಬ ಹೇಳಿದ. ಹೇಳದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಊರವರು ಸಾಲಾಗಿ ಬಂದು ಅಡುಗೆ ಕೊಟ್ಟುಹೋದರು. "ನಿನ್ನ ಜಾಗದಲ್ಲಿ ಯಾರಿದ್ರೂ ನಿಲ್ಲಿಸ್ತಿದ್ರು," ಅಂದರು ಎಲ್ಲರೂ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾನು ಅವನೊಡನೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಪಾಪ ಅನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಹಿಮ ಕರಗುವ ಹೊತ್ತಿಗೆ ಟೆಸ್ಸಾಳ ಅಮ್ಮ ಬಂದಳು. ಕಾರ್ಲೀನ್ ಅಂತ ಹೆಸರು. ಅಡುಗೆಮನೆಯ ಮೇಜಿನ ಮುಂದೆ ಕೋಟು ಬಿಚ್ಚದೆ, ಕುಗ್ಗಿ ಕೂತಳು. ಕಾಫಿ ಮುಟ್ಟಲಿಲ್ಲ.

"ಒಂದೇ ಒಂದು ಕೇಳೋದಿದೆ," ಅಂದಳು. "ಅವಳು ಬರಲ್ಲ ಅಂತಿದ್ಳು, ಅಲ್ವಾ? ನಾನೇ ಹೋಗು ಅಂದೆ. ನಾನು ಹೇಳಿದ್ಮೇಲೆ ತಾನೇ ಅವಳು ಇಳಿದದ್ದು?"

ನಾನು ಒಲೆಯ ಕಡೆ ತಿರುಗಿಕೊಂಡೆ.

"ಇಲ್ಲ," ಅಂದ ಡೆಲ್ಬರ್ಟ್. "ಅಷ್ಟು ಹೊತ್ತಿಗೆ ನಾನು ಬಾಗಿಲು ತೆಗೆದು ಅವಳ ಬೆಲ್ಟ್ ಬಿಚ್ಚಿಯಾಗಿತ್ತು."

"ಸರಿ ಅಂದ್ಳಲ್ಲ. ನನಗೆ ಕೇಳಿಸ್ತು."

"ಅದು ನನಗೆ ಅಂದದ್ದು. ತೋಳು ಹಿಡಿದು ಎಳೀತಿದ್ದೆ. ಬೇಡ ಅಂತ ತಲೆ ಅಲ್ಲಾಡಿಸಿದ್ಳು, ನಾನು ಬಿಡಲಿಲ್ಲ. ನೀವು ಹೇಳಿದ್ದು ಅವಳ ಕಿವಿಗೇ ಬಿದ್ದಿಲ್ಲ."

ಕಾರ್ಲೀನ್ ತಲೆಯೆತ್ತಿ ಅವನನ್ನು ನೋಡಿದಳು. ಕುಗ್ಗಿದ್ದ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಎದ್ದು ನಿಂತಳು.

"ಯಾರು ಕರೆದಿದ್ರು ನಿಮ್ಮನ್ನ?" ಅಂದಳು. "ನಿಮ್ಮ ಪಾಡಿಗೆ ನೀವು ಹೋಗಿದ್ರೆ ನನ್ನ ಮಗು ಇವತ್ತು ಮನೇಲಿರ್ತಿತ್ತು."

"ಹೌದಮ್ಮ," ಅಂದ ಡೆಲ್ಬರ್ಟ್. "ಇರ್ತಿತ್ತು."

ಅವಳು ಬಾಗಿಲನ್ನು ರಪ್ಪನೆ ಹಾಕಿಕೊಂಡು ಹೋದಳು. ನಾನು ಹೋಗಿ ಅವನ ಪಕ್ಕದಲ್ಲಿ ಕೂತೆ.